50 ವರ್ಷ ತಡವಾಗಿ ಬಂದ ಪದಕ

ಪ್ರಿಯ ಓದುಗರೇ,

ಈ ಸಲ ಜೂಡೋ ಆಟಗಾರ್ತಿಯೊಬ್ಬರ ಬಗ್ಗೆ ಬರೆಯುತ್ತಿದ್ದೇನೆ. ನಮ್ಮೂರಿನವರಲ್ಲ, ನ್ಯೂಯಾರ್ಕಿನ ಬ್ರೂಕ್ಲಿನ್‌ನವರು. ಹೆಸರು ರಸ್ಟಿ ಕನೊಕೊಗಿ.

1959ರಲ್ಲಿ ಯುಟಿಕಾ ಎಂಬ ಊರಿನಲ್ಲಿ ವೈಎಂಸಿಎ ಎಂಬ ಯುವಜನ ಸಂಸ್ಥೆಯ ಜೂಡೋ ಪಂದ್ಯಾಟ. ತಂಡದ ಹುಡುಗನೊಬ್ಬನಿಗೆ ಪೆಟ್ಟಾಗಿ, ಅವನ ಬದಲಿಗೆ ರಸ್ಟಿ ಕಣಕ್ಕಿಳಿದರು. ಗಿಡ್ಡ ಕೂದಲು, ಎದೆಗೆ ಬಿಗಿದ ಪಟ್ಟಿ. ತಾವೂ ಗೆದ್ದರು, ತಂಡವೂ ಗೆದ್ದಿತು. ಹೆಣ್ಣಾ ಎಂದು ಸಂಘಟಕರು ಕೇಳಿದಾಗ ಸುಳ್ಳು ಹೇಳಲಿಲ್ಲ. ಅದಕ್ಕೇ ಅವರು ರಸ್ಟಿಯ ಪದಕವನ್ನು ಕಿತ್ತುಕೊಂಡರು.

ಅಲ್ಲಿಗೆ ರಸ್ಟಿ ಸುಮ್ನೆ ಕೂರಲಿಲ್ಲ. 1962ರಲ್ಲಿ ಟೋಕಿಯೊದ ಕೊಡೋಕಾನ್‌ಗೆ ಹೋದರು. ಜೂಡೋದ ತವರು ಅದು. ಅಲ್ಲಿ ಗಂಡಸರ ಜೊತೆ ಅಭ್ಯಾಸ ಮಾಡಿದ ಮೊದಲ ಹೆಣ್ಣು ಇವರೇ. ಆದರೆ ನನಗೆ ಅವರ ಆಟಕ್ಕಿಂತ ದೊಡ್ಡದಾಗಿ ಕಾಣುವುದು ಆಮೇಲಿನ ಓಡಾಟ. ಗಂಡಸರ ಜೂಡೋ 1964ರಲ್ಲೇ ಒಲಿಂಪಿಕ್ಸ್ ಸೇರಿತ್ತು. ಹೆಂಗಸರಿಗೆ ವಿಶ್ವ ಚಾಂಪಿಯನ್‌ಷಿಪ್ ಕೂಡ ಇರಲಿಲ್ಲ. ರಸ್ಟಿ ಮನೆ ಅಡವಿಟ್ಟು, 1980ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅದನ್ನು ಮೊದಲ ಬಾರಿಗೆ ನಡೆಸಿದರು. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಮಹಿಳಾ ಜೂಡೋ ಪ್ರದರ್ಶನ ಪಂದ್ಯವಾಗಿ ಬಂತು. 1992ರ ಬಾರ್ಸಿಲೋನಾದಲ್ಲಿ ಪದಕದ ಪಂದ್ಯವೇ ಆಯಿತು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ನಮ್ಮ ಸುಶೀಲಾ ದೇವಿ, ತೂಲಿಕಾ ಮಾನ್ ಬೆಳ್ಳಿ ಗೆದ್ದರಲ್ಲ, ಹೆಣ್ಣುಮಕ್ಕಳಿಗೆ ಇಂಥ ಕಣ ಸಿಕ್ಕಿದ್ದರ ಹಿಂದೆ ಈ ತಾಯಿಯ ಹಟ ಇದೆ.

2008ರಲ್ಲಿ ಜಪಾನ್ ಸರ್ಕಾರ ಅವರಿಗೆ ದೊಡ್ಡ ಗೌರವ ಕೊಟ್ಟಿತು. 2009ರ ಆಗಸ್ಟ್‌ನಲ್ಲಿ ವೈಎಂಸಿಎ ಚಿನ್ನದ ಪದಕ ಕೊಟ್ಟಿತು. ನವೆಂಬರ್‌ನಲ್ಲಿ ರಸ್ಟಿ ತೀರಿಕೊಂಡರು. ಆ ಪದಕ ಅವರ ಹತ್ತಿರ ಇದ್ದದ್ದು ಮೂರು ತಿಂಗಳು ಮಾತ್ರ. ಇದನ್ನು ನೆನೆದರೆ ನನಗೆ ಸಂತೋಷಕ್ಕಿಂತ ಸಂಕಟವೇ ಜಾಸ್ತಿ.

ನಮ್ಮ ಕಾಸರಗೋಡಿನಲ್ಲೂ ಆಡಿದ ಹೆಣ್ಣುಮಕ್ಕಳಿದ್ದಾರೆ. ಮಂಜೇಶ್ವರ, ಕುಂಬಳೆ ಉಪಜಿಲ್ಲೆಯ ಕೂಟದಲ್ಲಿ ಗೆದ್ದು, ಕಂದಾಯ ಜಿಲ್ಲೆ ದಾಟಿ, ರಾಜ್ಯ ಮಟ್ಟಕ್ಕೆ ಹೋದವರು. ಕನ್ನಡ ಶಾಲೆಯ ಹುಡುಗಿ ಕೇರಳದ ತಂಡಕ್ಕೆ ಆಡಿದರೆ ಬೆಂಗಳೂರಿಗೆ ಅವಳು ಹೊರಗಿನವಳು. ತಿರುವನಂತಪುರಕ್ಕೆ ಕಾಸರಗೋಡೇ ದೂರ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ನಮ್ಮ ಪಾಡು ಇದೇ ಅಲ್ವಾ? ಪರೀಕ್ಷೆಯಲ್ಲಿ ಆಟಕ್ಕೆಂದು ಗ್ರೇಸ್ ಮಾರ್ಕ್ಸ್ ಸಿಗುವವರೆಗೆ ಮನೆಯವರೂ ಆಟದ ಬಗ್ಗೆ ಮಾತಾಡುತ್ತಾರೆ. ಮದುವೆಯಾದ ಮೇಲೆ ಸರ್ಟಿಫಿಕೇಟು ಕಪಾಟು ಸೇರುತ್ತದೆ.

ಗಲ್ಫಿನಲ್ಲಿರುವ ನಾವು ಪ್ರತಿವರ್ಷ ಯಕ್ಷಗಾನದವರಿಗೆ, ಸಾಹಿತಿಗಳಿಗೆ ಶಾಲು ಹೊದೆಸುತ್ತೇವೆ. ಅದು ನಡೆಯಲೇಬೇಕು. ಆದರೆ ಕಬಡ್ಡಿ ಆಡಿದ ಅಕ್ಕನನ್ನೋ, ಜೂಡೋ ಕಲಿತ ತಂಗಿಯನ್ನೋ ಆ ವೇದಿಕೆಗೆ ನಾವು ಕರೆದೇ ಇಲ್ಲ.

ಮುಂದಿನ ಸಂಚಿಕೆಯಿಂದ ಒಂದು ಪುಟ ಇವರಿಗೆ ಮೀಸಲು. ನಿಮ್ಮ ಅತ್ತಿಗೆ, ನಾದಿನಿ, ಸಹಪಾಠಿ, ಪಿಟಿ ಟೀಚರ್ ಯಾರೇ ಇರಲಿ, ಅವರ ಒಪ್ಪಿಗೆ ಕೇಳಿ ಹೆಸರು, ಫೋಟೊ ಕಳಿಸಿ. ಈ ಸಲದ ರಾಜ್ಯೋತ್ಸವ ಸನ್ಮಾನಕ್ಕೆ ಅವರಲ್ಲೊಬ್ಬರನ್ನು ಊರಿಂದ ಕರೆಸಬೇಕೆಂಬುದು ನನ್ನ ಆಸೆ. ಟಿಕೆಟ್ ಖರ್ಚಿನ ವಿಷಯವನ್ನು ಮುಂದಿನ ಸಭೆಯಲ್ಲಿ ಮಾತಾಡೋಣ.

ಸಂಪಾದಕ