ಕೆಫಾಗ್ ಸಿಡಿಗಳು ಮುಗಿದವು, ಥ್ಯಾಂಕ್ಸ್ ಹೇಳೋದಿದೆ

ಮೊನ್ನೆ ರಾತ್ರಿ ಕೊನೇ ಡಿಸ್ಕೂ ಕಂಪ್ಯೂಟರಿಗೆ ಕಾಪಿ ಮಾಡಿ ಮುಗೀತು ಕಣ್ರೀ. ನನ್ ಹತ್ರ ಇದ್ದ, ಆಮೇಲೆ ನೀವೆಲ್ಲ ಗರಾಜು, ಗ್ಲೋವ್ ಬಾಕ್ಸು ಹುಡುಕಿ ಕೊಟ್ಟ, ಸ್ಯಾನ್ ಫ್ರಾನ್ಸಿಸ್ಕೋದ ಕೆಫಾಗ್ (KFOG) ರೇಡಿಯೋ ಸ್ಟೇಷನ್ನಿನ ‘ಲೈವ್ ಫ್ರಮ್ ದಿ ಆರ್ಕೈವ್ಸ್’ ಸಿಡಿಗಳು ಈಗ ದನಿ ಒಂಚೂರೂ ಕೆಡದ ಫ್ಲ್ಯಾಕ್ ಫೈಲಾಗಿ ಮೂರು ಕಡೆ ಇವೆ. ಹಾಡುಗಳ ಹಕ್ಕು ಬೇರೆಯವ್ರದ್ದು, ಹಾಗಾಗಿ ನೆಟ್ಟಿಗೆ ಹಾಕಲ್ಲ, ಆದ್ರೆ ಕಳ್ದೂ ಹೋಗಲ್ಲ.

ಸಿಡಿ ಕೊಟ್ಟೋರು, ಬುಕ್‌ಲೆಟ್ ಸ್ಕ್ಯಾನ್ ಮಾಡಿ ಕಳ್ಸಿದೋರು, ಹಳೇ ಅಂಗಡೀಲಿ ಕಂಡಾಗ ನಂಗೋಸ್ಕರ ಎತ್ತಿಟ್ಟೋರು, ಎಲ್ರಿಗೂ ತುಂಬಾ ಥ್ಯಾಂಕ್ಸ್.

ಫ್ರೀಮಾಂಟ್ ಊರಲ್ಲಿರೋ ಗೆಳತಿ ಬಗ್ಗೆ ಮಾತ್ರ ಒಂದೇ ಸಾಲಲ್ಲಿ ಹೇಳಿ ಮುಗ್ಸಕ್ಕಾಗಲ್ಲ. ಅಲ್ಲೀವರೆಗೆ ಕಾಪಿ ಮಾಡಿದ್ದೆಲ್ಲ ಇದ್ದ ಹಾರ್ಡ್ ಡಿಸ್ಕ್ ಸತ್ತ ರಾತ್ರಿ ನಾನು ಫೋನಲ್ಲಿ ಬರೀ ‘ಹೋಯ್ತು’ ಅಂದೆ, ಅವ್ಳು ಏನು ಎತ್ತ ಕೇಳ್ದೆ ಹತ್ತೂವರೆಗೆ ಮಕ್ಕಳ ಹಳೇ ಡೆಸ್ಕ್‌ಟಾಪ್‌ನ ಸಿಡಿ ಡ್ರೈವ್ ಬಿಚ್ಕೊಂಡು, ಒಂದು ಡಬ್ಬಿ ಚಿತ್ರಾನ್ನ ಹಿಡ್ಕೊಂಡು ಬಂದ್ಳು. ಬೇರೆ ಸಿಡಿಗಳನ್ನ ಮತ್ತೆ ಕಾಪಿ ಮಾಡ್ಬಹುದಿತ್ತು, ಭಯ ಇದ್ದಿದ್ದು 1994ರ ಮೊದಲ್ನೇದು. ಕೆಳಗಡೆ ಗೀರಾದ್ರೆ ಪಾಲಿಶ್ ಮಾಡಿ ಉಳಿಸ್ಬಹುದು, ಆದ್ರೆ ಹಾಡು ಕೂತಿರೋದು ಲೇಬಲ್ ಕೆಳಗಿನ ತೆಳು ಅಲ್ಯೂಮಿನಿಯಂ ಪದರದಲ್ಲಿ, ಅದೇ ಸವೆದ್ರೆ ಮುಗೀತು. ಟಾರ್ಚ್ ಹಿಡಿದ್ರೆ ಸೂಜಿ ಚುಚ್ಚಿದ ಹಾಗೆ ಬೆಳಕು ತೂರ್ತಿತ್ತು. ಅವ್ಳು ಹಳೇ ಪಂಚೆ ತುಂಡಲ್ಲಿ ಮಧ್ಯದಿಂದ ಅಂಚಿಗೆ, ನೇರಕ್ಕೆ, ಒರೆಸಿ ಒರೆಸಿ ಒಂದಾದ್ಮೇಲೆ ಒಂದು ಡ್ರೈವಿಗೆ ಹಾಕಿ ನೋಡಿದ್ಳು. ಕಾಪಿ ಮಾಡೋ ಸಾಫ್ಟ್‌ವೇರು, ಎಗ್ಸ್ಯಾಕ್ಟ್ ಆಡಿಯೋ ಕಾಪಿ, ಸಿಡಿಯ ಒಂದು ಕೆಟ್ಟ ಸೆಕ್ಟರನ್ನ, ಅಂದ್ರೆ ಒಂದು ಚಿಕ್ಕ ತುಣುಕನ್ನ, 82 ಸಲದವರೆಗೂ ಓದುತ್ತೆ, ಅಂದ್ರೆ ಕೂತು ಕಾಯೋದೇ ಕೆಲ್ಸ.

ಎರಡು ಗಂಟೆ ಹೊತ್ತಿಗೆ ನಾನು ಕೂಗಾಡ್ಬಿಟ್ಟೆ. 2019ರ ಸೆಪ್ಟೆಂಬರಲ್ಲಿ ಸ್ಟೇಷನ್ನೇ ನಿಂತೋಯ್ತು, ಇನ್ನು ಈ ಸಿಡಿ ಇಟ್ಕೊಂಡೇನು, ಬಿಸಾಕು ಅಂದೆ. ಅವ್ಳು ‘ತಡಿಯೇ, ಇನ್ನೊಂದ್ಸಲ ನೋಡೋಣ’ ಅಂದ್ಳು ಅಷ್ಟೇ. ಆಗ ಅಳು ಬಂತು. 1998ರಲ್ಲಿ ಎಚ್-4 ವೀಸಾದಲ್ಲಿ, ಅಂದ್ರೆ ಗಂಡನ ಕೆಲ್ಸದ ವೀಸಾ ಜೊತೆ ಹೆಂಡ್ತಿಗೆ ಸಿಗೋ ವೀಸಾದಲ್ಲಿ, ಅಮೆರಿಕಕ್ಕೆ ಬಂದಾಗ ಇವ್ರು ಆಫೀಸಿಗೆ ಹೋದ್ಮೇಲೆ ಆ ಅಪಾರ್ಟ್‌ಮೆಂಟಲ್ಲಿ ನಂಗೆ ಒಂದು ಮನುಷ್ಯ ದನಿ ಅಂತ ಕೇಳ್ತಿದ್ದಿದ್ದೇ ಬೆಳಗ್ಗೆ ಹತ್ತು ಗಂಟೆಗೆ, ಕೆಫಾಗ್‌ನ ಡಿಜೆ ಡೇವ್ ಮೋರಿ ಒಂದೇ ವರ್ಷದ ಹತ್ತು ಹಾಡು ಹಾಕ್ತಿದ್ರಲ್ಲ, ಅದು. ಮೊದಲ್ನೇ ಸಿಡಿ ಪಕ್ಕದ ಮನೆ ಅಜ್ಜಿ ಮನೆ ಖಾಲಿ ಮಾಡುವಾಗ ನನ್ ಕೈಗಿಟ್ಟಿದ್ದು, ಇದನ್ನ ಮಾರಿದ ದುಡ್ಡು ಇಲ್ಲಿನ ಫುಡ್ ಬ್ಯಾಂಕಿಗೆ ಹೋಗುತ್ತೆ ಗೊತ್ತಾ ಅಂತ ಹೆಮ್ಮೆಯಿಂದ ಹೇಳಿದ್ರು. ಇದನ್ನೆಲ್ಲ ಅವತ್ತಿನವರೆಗೂ ಯಾರಿಗೂ ಹೇಳಿರ್ಲಿಲ್ಲ.

ಅವ್ಳು ತಂದ ಆ ಹಳೇ ಡ್ರೈವೇ ಕೊನೆಗೆ ಓದಿದ್ದು. ಐದು ಗಂಟೆಗೆ ಸಾಫ್ಟ್‌ವೇರ್ ಬರೆದಿಟ್ಟ ಲಾಗ್ ನೋಡಿದ್ವಿ, ಒಂದು ಟ್ರ್ಯಾಕ್ ಬಿಟ್ಟು ಎಲ್ಲ ಸರಿ. ತಣ್ಣಗಾದ ಚಿತ್ರಾನ್ನ ಡಬ್ಬಿಯಿಂದಲೇ ತಿಂದು ಅವ್ಳು ಹಾಗೇ ಕೆಲ್ಸಕ್ಕೆ ಹೋದ್ಳು.

ಆ ಟ್ರ್ಯಾಕಲ್ಲಿ ಎರಡು ಸೆಕೆಂಡ್ ಇನ್ನೂ ಕಟಕಟ ಅನ್ನುತ್ತೆ. ಯಾರ ಹತ್ರ ಆದ್ರೂ ಮೊದಲ್ನೇ ಸಿಡಿ ಇದ್ರೆ ಹೇಳಿ, ನಾನೇ ಬಂದು ತಗೊಂಡು ಹೋಗ್ತೀನಿ. ಲೇಬಲ್ ಕಡೆ ಉಗುರು ತಾಗಿಸ್ಬೇಡಿ.