ಊರಿನ ಹುಡುಗ ವಾಪಸ್ ಬರ್ತಾನಾ? ಅಯೋವಾದಿಂದ ಶಿವಮೊಗ್ಗದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ನೋಡಿದೆ. "ಕಾಲೇಜಲ್ಲಿ ಓದೋ ಒಬ್ಬ ಹುಡುಗ ಒಂದು ಟೀಮ್ ಬಿಟ್ಟು ಇನ್ನೊಂದಕ್ಕೆ ಹೋಗೋದಕ್ಕೆ ಇಡೀ ರಾಜ್ಯ ಯಾಕೆ ತಲೆ ಕೆಡಿಸ್ಕೊಳ್ಳುತ್ತೆ ಮಾರಾಯ?" ಅಂತ ಕೇಳಿದ್ದೀಯ. ಫೋನಲ್ಲಿ ಹೇಳಿ ಮುಗಿಸುವ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಈ 2026ರ ಜನವರಿ 2ಕ್ಕೆ ಕಾಲೇಜು ಅಮೆರಿಕನ್ ಫುಟ್‌ಬಾಲ್‌ನ (ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ಟೀಮ್ ಬದಲಿಸಬೇಕೆನ್ನುವ ಆಟಗಾರರು ಹೆಸರು ಬರೆಸುವ ಪಟ್ಟಿ, ತೆರೆದಿದೆ, 16ಕ್ಕೆ ಮುಚ್ಚುತ್ತದೆ. ಅಷ್ಟು ದಿನ ಇಲ್ಲಿ ಆಫೀಸಿನ ಕಾಫಿ ಮಷೀನಿನ ಹತ್ತಿರ ಹೋದರೂ ಅದೇ, ಕಟಿಂಗ್ ಶಾಪಿಗೆ ಹೋದರೂ ಅದೇ. ನಮ್ಮ ಕಡೆಯ ಇಂಥ ಹುಡುಗ ಅಲ್ಲಿ ಬಿಟ್ಟನಂತೆ, ವಾಪಸ್ ಬರ್ತಾನಾ, ಬಂದರೆ ಸೇರಿಸಿಕೊಳ್ಳಬೇಕಾ? ಮಾತು ಯಾರಿಂದಲೇ ಶುರುವಾಗಲಿ, ಐದು ನಿಮಿಷದೊಳಗೆ ಈ ರಾಜ್ಯದವನೇ ಆದ ಕೇಡನ್ ಪ್ರಾಕ್ಟರ್ ಎಂಬ ಆಟಗಾರನ ಹೆಸರಿಗೆ ಬಂದು ನಿಲ್ಲುತ್ತದೆ. ಎರಡು ವರ್ಷವಾದರೂ ಅದು ಆರಿಲ್ಲ.

ಅಮೆರಿಕದ ಈ ಅಯೋವಾ ರಾಜ್ಯದ ಜನಸಂಖ್ಯೆ ಸುಮಾರು 32 ಲಕ್ಷ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್, ಯಾವುದರ ದೊಡ್ಡ ಲೀಗಿನಲ್ಲೂ ಈ ರಾಜ್ಯಕ್ಕೊಂದು ತಂಡವಿಲ್ಲ. ಹಾಗಾಗಿ ಯೂನಿವರ್ಸಿಟಿಯ ತಂಡವೇ ಇವರಿಗೆ ಎಲ್ಲ. ಅಯೋವಾ ಸಿಟಿಯ ಕಿನ್ನಿಕ್ ಸ್ಟೇಡಿಯಂನಲ್ಲಿ ಸುಮಾರು 69 ಸಾವಿರ ಜನ ಕೂರುತ್ತಾರೆ. ಪಕ್ಕದಲ್ಲೇ ಮಕ್ಕಳ ಆಸ್ಪತ್ರೆ. 2017ರಿಂದ ಒಂದು ರೂಢಿ ಬಂದಿದೆ: ಮೊದಲ ಕ್ವಾರ್ಟರ್, ಅಂದರೆ ಪಂದ್ಯದ ಮೊದಲ ಕಾಲುಭಾಗ, ಮುಗಿದ ತಕ್ಷಣ ಅಷ್ಟೂ ಜನ, ಎದುರು ತಂಡದವರೂ ಸೇರಿ, ಆಸ್ಪತ್ರೆಯ ಮೇಲಿನ ಮಹಡಿಯ ಕಿಟಕಿಗಳ ಕಡೆ ತಿರುಗಿ ಅಲ್ಲಿರುವ ಮಕ್ಕಳಿಗೆ ಕೈ ಬೀಸುತ್ತಾರೆ. ಮೊದಲ ಸಲ ನೋಡಿದಾಗ ನನ್ನ ಕಣ್ಣು ತುಂಬಿ ಬಂತು. ಈ ಜನಕ್ಕೆ "ನಮ್ಮವ" ಅನ್ನುವುದು ಬಾಯಿಮಾತಲ್ಲ.

ಈ ರಾಜ್ಯದ ಹೆಮ್ಮೆ ಚೆಂಡು ಎಸೆಯುವವರಲ್ಲ, ಮುಂದಿನ ಸಾಲಿನಲ್ಲಿ ನಿಂತು ತಡೆಯುವ ದಢೂತಿ ಹುಡುಗರು. ಕೋಚ್ ಕರ್ಕ್ ಫೆರೆಂಟ್ಸ್ 1981ರಲ್ಲಿ ಇಲ್ಲಿಗೆ ಬಂದದ್ದೇ ಆ ಸಾಲಿನ ಕೋಚ್ ಆಗಿ. 1999ರಿಂದ ಹೆಡ್ ಕೋಚ್. ಅವರು ಬೆಳೆಸಿದ ಮಾಸನ್‌ವಿಲ್ ಎಂಬ ಪುಟ್ಟ ಊರಿನ ರಾಬರ್ಟ್ ಗ್ಯಾಲರಿ 2004ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವಾಗ, ಇಡೀ ದೇಶಕ್ಕೆ ಎರಡನೆಯವನಾಗಿ ಆಯ್ಕೆಯಾದ. ಡೆನಿಸನ್‌ನ ಬ್ರ್ಯಾಂಡನ್ ಶೆರ್ಫ್ 2015ರಲ್ಲಿ ಐದನೆಯವ. ಮೌಂಟ್ ವೆರ್ನನ್‌ನ ಟ್ರಿಸ್ಟನ್ ವರ್ಫ್ಸ್ ಮತ್ತು ಸೋಲನ್‌ನ ಟೈಲರ್ ಲಿಂಡರ್‌ಬಾಮ್ ನಾನಿರುವ ಸೀಡರ್ ರ್‍ಯಾಪಿಡ್ಸ್‌ಗೆ ತೀರಾ ಹತ್ತಿರದ ಊರುಗಳವರು. ಹೈಸ್ಕೂಲಲ್ಲಿ ಇಬ್ಬರೂ ಕುಸ್ತಿಯಲ್ಲಿ ಎದುರಾಳಿಗಳಾಗಿದ್ದರು. ಜೋಳದ ಹೊಲದ ನಡುವಿನ ಊರಿನಿಂದ ಹುಡುಗ ಬರಬೇಕು, ಕಿನ್ನಿಕ್‌ನಲ್ಲಿ ಆಡಬೇಕು, ಆಮೇಲೆ ದೇಶಕ್ಕೆ ಗೊತ್ತಾಗಬೇಕು. ಇವರ ಮನಸ್ಸಿನಲ್ಲಿರುವ ಸರಿಯಾದ ದಾರಿ ಅದು.

ಆ ಸಾಲಿನ ಎಡಗಡೆ ನಿಲ್ಲುವ ಲೆಫ್ಟ್ ಟ್ಯಾಕಲ್ ಅಂದರೇನು ಅಂತ ನನಗೆ ಕಲಿಸಿದವರು ನಮ್ಮ ಆಫೀಸಿನ ಒಬ್ಬ ಹಿರಿಯರು. ರೈತರ ಮನೆಯವರು, ಹೈಸ್ಕೂಲಲ್ಲಿ ಅದೇ ಜಾಗದಲ್ಲಿ ಆಡಿದವರು. ಒಂದು ಮಧ್ಯಾಹ್ನ ಕ್ಯಾಂಟೀನಲ್ಲಿ ಎರಡು ಕುರ್ಚಿ ಎಳೆದು ಹಾಕಿ ಎದ್ದು ನಿಂತರು. "ಈ ಕುರ್ಚಿ ಕ್ವಾರ್ಟರ್‌ಬ್ಯಾಕ್, ಚೆಂಡು ಎಸೆಯುವವನು. ಬಲಗೈಯವನು, ಚೆಂಡು ಎಸೆಯಲು ತಿರುಗಿದರೆ ಎಡಗಡೆಯಿಂದ ಬರುವವನು ಅವನಿಗೆ ಕಾಣುವುದಿಲ್ಲ. ಅವನ ಬೆನ್ನು ನನ್ನ ಜವಾಬ್ದಾರಿ" ಅಂದರು. ಆಮೇಲೆ ಮಂಡಿ ಬಗ್ಗಿಸಿ ಎಡಗಾಲನ್ನು ಹಿಂದಕ್ಕೆ ಸರಿಸಿದರು, ಬಲಗಾಲು ನೆಲ ಬಿಡದೆ ಅದರ ಹಿಂದೆ ಜಾರಿತು. ಎರಡೂ ಕೈ ಎದೆಯ ಮುಂದೆ, ಹೆಬ್ಬೆರಳು ಮೇಲಕ್ಕೆ. "ಕೈ ಬೇಗ ಚಾಚಿದರೆ ಅವನು ಅದನ್ನು ತಳ್ಳಿ ಹೋಗುತ್ತಾನೆ. ತಡವಾದರೆ ನನ್ನ ಎದೆಗೇ ಬಂದಿರುತ್ತಾನೆ." ಒಂದು ಪಂದ್ಯದಲ್ಲಿ ಇಂಥದ್ದು ಹತ್ತಾರು ಸಲ. ಎದುರಿಗೆ ಬರುವವನು ನೂರಿಪ್ಪತ್ತು ಕಿಲೋ ತೂಕವಿದ್ದೂ ಓಟಗಾರನಂತೆ ನುಗ್ಗುವವನು. ಹಿಂದಕ್ಕೆ ಸರಿಯುತ್ತಲೇ ಅವನನ್ನು ನಿಲ್ಲಿಸಬೇಕು. ಒಂದೇ ಒಂದು ಸಲ ತಪ್ಪಿದರೂ ಕ್ವಾರ್ಟರ್‌ಬ್ಯಾಕ್ ನೆಲಕ್ಕೆ, ಟೀವಿಯಲ್ಲಿ ಅದೇ ನಾಲ್ಕು ಸಲ.

ಪ್ರಾಕ್ಟರ್ ಡೆ ಮೊಯಿನ್ ಹತ್ತಿರದ ಸೌತ್‌ಈಸ್ಟ್ ಪೋಕ್ ಹೈಸ್ಕೂಲಿನವನು. ಆರಡಿ ಏಳಿಂಚು ಎತ್ತರ, ನೂರೈವತ್ತು ಕಿಲೋಗೂ ಮೇಲೆ ತೂಕ, ಐದು ಸ್ಟಾರ್ ಹುಡುಗ, ಅಂದರೆ ಹೈಸ್ಕೂಲ್ ಆಟಗಾರರಿಗೆ ಸಿಗುವ ಅತಿ ಮೇಲಿನ ದರ್ಜೆಯವನು. ಅಂಥವನು ಈ ರಾಜ್ಯದಲ್ಲಿ ಹುಟ್ಟುವುದೇ ಅಪರೂಪ. 2022ರ ಜೂನ್‌ನಲ್ಲಿ ಅಯೋವಾಕ್ಕೇ ಬರುತ್ತೇನೆ ಎಂದು ಮಾತು ಕೊಟ್ಟ. ಡಿಸೆಂಬರ್‌ನಲ್ಲಿ ಸಹಿ ಹಾಕುವ ಹೊತ್ತಿಗೆ ಮನಸ್ಸು ಬದಲಾಗಿ ಅಲಬಾಮಾ ಯೂನಿವರ್ಸಿಟಿಗೆ ಹೋದ. ಹೋದ ಮೊದಲ ವರ್ಷವೇ, ಹದಿನೆಂಟು ತುಂಬಿದ್ದಷ್ಟೇ, ಅಲ್ಲಿನ ಹೆಡ್ ಕೋಚ್ ನಿಕ್ ಸೇಬನ್ ಅವನನ್ನು ಲೆಫ್ಟ್ ಟ್ಯಾಕಲ್ ಜಾಗದಲ್ಲಿ ನಿಲ್ಲಿಸಿದರು. ಕಷ್ಟವಾಯಿತು. ಆ ವರ್ಷ ಅಲಬಾಮಾದ ಕ್ವಾರ್ಟರ್‌ಬ್ಯಾಕ್‌ಗಳು 49 ಸಲ ಸ್ಯಾಕ್ ಆದರು, ಅಂದರೆ ಚೆಂಡು ಎಸೆಯುವ ಮೊದಲೇ ಎದುರಾಳಿಯ ಕೈಗೆ ಸಿಕ್ಕಿ ಬಿದ್ದರು. ತಪ್ಪು ಒಬ್ಬನದೇ ಅಲ್ಲ, ಆದರೆ ಬೈಗುಳದ ದೊಡ್ಡ ಪಾಲು ಬಿದ್ದದ್ದು ಆ ಎಳೆಯನ ಮೇಲೆ. ಸೀಸನ್ ಮುಗಿಯುವಷ್ಟರಲ್ಲಿ ಅವನ ಆಟ ಎಷ್ಟೋ ಸುಧಾರಿಸಿತ್ತು. ಅದನ್ನು ಗಮನಿಸಿದವರು ಕಡಿಮೆ.

2024ರ ಜನವರಿ 10ಕ್ಕೆ ಸೇಬನ್ ದಿಢೀರನೆ ನಿವೃತ್ತಿ ಹೇಳಿದರು. ಕೋಚ್ ಬದಲಾದರೆ ಆಟಗಾರರಿಗೆ ಮೂವತ್ತು ದಿನ ಬಾಗಿಲು ತೆರೆಯುತ್ತದೆ ಎಂಬುದು ಆಗಿನ ನಿಯಮ. ಇಲ್ಲಿ ಆಗ ಎಂಥ ಚಳಿ ಗೊತ್ತಾ, 15ಕ್ಕೆ ಅಧ್ಯಕ್ಷ ಅಭ್ಯರ್ಥಿ ಆಯ್ಕೆಯ ಕಾಕಸ್ ನಡೆದಾಗ ಮೈಕೊರೆಯುವ ಗಾಳಿ, ಸೊನ್ನೆಗಿಂತ ಎಷ್ಟೋ ಕೆಳಗೆ. ದೇಶದ ಟೀವಿ ಕ್ಯಾಮೆರಾಗಳೆಲ್ಲ ಬಂದು ಜನರನ್ನು ಚುನಾವಣೆ ಬಗ್ಗೆ ಕೇಳುತ್ತಿದ್ದರೆ, ನನ್ನ ಸುತ್ತಲಿನವರಿಗೆ ಇದ್ದದ್ದು ಒಂದೇ ಪ್ರಶ್ನೆ: ಪ್ರಾಕ್ಟರ್ ಬರ್ತಾನಾ? ಅದೇ ಚಳಿಗಾಲ ವೆಸ್ಟ್ ಡೆ ಮೊಯಿನ್‌ನ ಹುಡುಗಿ ಕೇಟ್ಲಿನ್ ಕ್ಲಾರ್ಕ್ ಬ್ಯಾಸ್ಕೆಟ್‌ಬಾಲ್‌ನಲ್ಲಿ ದಾಖಲೆಗಳನ್ನು ಮುರಿಯುತ್ತಿದ್ದಳು. ಅವಳು ಊರು ಬಿಟ್ಟು ಹೋಗಿರಲಿಲ್ಲ. ಪಾಪ ಆ ಹುಡುಗನನ್ನು ಎಲ್ಲರೂ ಅಳೆದದ್ದು ಅವಳ ಪಕ್ಕ ನಿಲ್ಲಿಸಿ.

ವಾದ ಹೇಗಿತ್ತು ಅಂದರೆ, ಒಂದು ಕಡೆಯವರು "ಒಮ್ಮೆ ಮಾತು ಕೊಟ್ಟು ಕೈಕೊಟ್ಟವನು, ಬೇಡವೇ ಬೇಡ" ಅನ್ನುತ್ತಿದ್ದರು. ನಮ್ಮ ಹಿರಿಯರು ಆ ಗುಂಪಿನವರಲ್ಲ. "ಹದಿನೇಳು ವರ್ಷದವನು ದೊಡ್ಡ ಜಾಗ ನೋಡಬೇಕು ಅಂತ ಹೋದ, ನೋಡಿದ, ಈಗ ಬರಲಿ" ಎಂದರು. ಲೆಕ್ಕಾಚಾರದವರ ಮಾತೂ ಸುಳ್ಳಲ್ಲ: 2023ರಲ್ಲಿ ಅಯೋವಾ ಹತ್ತು ಪಂದ್ಯ ಗೆದ್ದರೂ ಕೊನೆಯ ಎರಡರಲ್ಲಿ, ಮಿಷಿಗನ್ ಎದುರು 26-0, ಟೆನೆಸೀ ಎದುರು 35-0, ಒಂದು ಪಾಯಿಂಟೂ ಗಳಿಸದೆ ಸೋತಿತ್ತು. ಅಂಥ ತಂಡಕ್ಕೆ ಇಂಥ ಟ್ಯಾಕಲ್ ಸಿಕ್ಕರೆ ಬಿಡುವುದುಂಟಾ? ಆದರೆ ಈ ವಾದಗಳಲ್ಲಿ ಯಾವುದರಲ್ಲೂ ಆ ಹುಡುಗನಿಗೆ ಏನು ಬೇಕು ಎಂಬ ಪ್ರಶ್ನೆ ಇರಲಿಲ್ಲ. ಅವನನ್ನು ದಿನಾ ಬೆಳಿಗ್ಗೆ ತಿದ್ದುವ ಕೋಚ್ ಯಾರು, ಸಾಲಿನಲ್ಲಿ ಪಕ್ಕದಲ್ಲಿ ನಿಲ್ಲುವ ಜೊತೆಗಾರ ಯಾರು, ಮನೆಯವರ ಹತ್ತಿರ ಇರುವುದು ಅವನಿಗೆ ಬಲವೋ ಭಾರವೋ? ಲೈನಿನಲ್ಲಿ ಆಡುವವನ ಬದುಕು ನಿಂತಿರುವುದು ಇವುಗಳ ಮೇಲೆ.

ಬಂದ. ಜನವರಿ 20ರ ಹೊತ್ತಿಗೆ ಅಯೋವಾಕ್ಕೇ ಎಂದು ಘೋಷಿಸಿದ. ಹಬ್ಬ. ಮಾರ್ಚ್‌ನಲ್ಲಿ, ಇಲ್ಲಿ ಒಂದು ಪಂದ್ಯವನ್ನೂ ಆಡದೆ, ಮತ್ತೆ ಅಲಬಾಮಾಕ್ಕೆ ಹೊರಟ. ಆಮೇಲೆ ಹರಿದ ಬೈಗುಳವನ್ನು ಇಲ್ಲಿ ಬರೆಯಲಾರೆ. ಆಸ್ಪತ್ರೆಯ ಮಕ್ಕಳಿಗೆ ಕೈ ಬೀಸುವ ಜನವೇ ಹತ್ತೊಂಬತ್ತೂ ತುಂಬದ ಹುಡುಗನಿಗೆ ಹಾಗೆಲ್ಲ ಬರೆದದ್ದು ನೋಡಿ ನನಗೆ ತುಂಬ ನೋವಾಯಿತು. ನೋವು ಯಾಕೆಂದರೆ ನಾನೂ ಅವನು ಬರಲಿ ಎಂದು ಮನಸಾರೆ ಬಯಸಿದವನು. ಅವರ ನಿರಾಸೆ ನನ್ನದೂ ಹೌದು. ಎರಡು ಸಲ ಮಾತು ಕೊಟ್ಟು ಎರಡು ಸಲ ಹೋದರೆ ಬೇಜಾರಾಗದೆ ಇರುತ್ತದಾ? ಆದರೆ ಪ್ರೀತಿಯನ್ನು ನಾವೇ ಕೊಟ್ಟು, ಆಮೇಲೆ ಅದನ್ನೇ ಸಾಲವೆಂದು ಬರೆದುಕೊಂಡು ವಸೂಲಿಗೆ ಹೋಗುವುದು ಸರಿಯಲ್ಲ ಕಣೋ.

ದುಡ್ಡಿನ ಮಾತನ್ನೂ ಹೇಳಬೇಕು. 2021ರ ಜುಲೈ 1ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಹಣ ಗಳಿಸಬಹುದು. ಅದೇ ವರ್ಷ ಒಂದು ಸಲ ಟೀಮ್ ಬದಲಿಸಿದರೆ ಒಂದು ವರ್ಷ ಹೊರಗೆ ಕೂರಬೇಕೆಂಬ ನಿಯಮವೂ ಹೋಯಿತು. 2024ರ ಏಪ್ರಿಲ್‌ನಲ್ಲಿ ಎಷ್ಟು ಸಲ ಬೇಕಾದರೂ ಬದಲಿಸಬಹುದು ಎಂದಾಯಿತು, ಓದಿನಲ್ಲಿ ಪಾಸಾಗಿದ್ದರೆ ಸಾಕು. ಆ ದಿನಗಳಲ್ಲಿ ಹಣ ಕೊಡುತ್ತಿದ್ದದ್ದು ಯೂನಿವರ್ಸಿಟಿ ಅಲ್ಲ, ಅಭಿಮಾನಿಗಳೇ ಚಂದಾ ಎತ್ತಿ ನಡೆಸುವ ಕೂಟಗಳು. ತಿಂಗಳ ಸಂಬಳದಲ್ಲಿ ಒಂದಿಷ್ಟು ಎತ್ತಿಟ್ಟು ಕೊಟ್ಟ ಮಾಸ್ತರರು, ಟ್ರಕ್ ಓಡಿಸುವವರು ಎಲ್ಲ ಅದರಲ್ಲಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಇಷ್ಟು ವರ್ಷ ಇರಲೇಬೇಕು ಎಂಬ ಕರಾರಿನ ಕಟ್ಟು ಆ ವ್ಯವಸ್ಥೆಯಲ್ಲಿ ಇರಲಿಲ್ಲ. ದೊಡ್ಡವರು ನಿಯಮ ಮಾಡದೆ ಬಿಟ್ಟ ಜಾಗದಲ್ಲಿ ಹುಡುಗ ನಡೆದಾಡಿದ, ಅಷ್ಟೆ. ಕೋಚುಗಳು ಹೆಚ್ಚು ಸಂಬಳಕ್ಕೆ ಊರು ಬಿಟ್ಟರೆ ಅದು ವೃತ್ತಿ, ಹುಡುಗ ಬಿಟ್ಟರೆ ದ್ರೋಹ. ಈ ತಕ್ಕಡಿಯನ್ನು ನಾನು ಒಪ್ಪುವುದಿಲ್ಲ. 2025ರ ಜೂನ್‌ನ ಕೋರ್ಟ್ ಒಪ್ಪಂದದ ನಂತರ ಯೂನಿವರ್ಸಿಟಿಗಳೇ ನೇರವಾಗಿ ಹಣ ಕೊಡುತ್ತಿವೆ, ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ಮಿತಿಯಲ್ಲಿ. ಸ್ವಲ್ಪವಾದರೂ ಶಿಸ್ತು ಬಂದರೆ ಒಳ್ಳೆಯದು.

ಬೈಗುಳದಿಂದ ಏನಾಗುತ್ತದೆ ಅನ್ನುವುದಕ್ಕೆ ಅದೇ ಅಲಬಾಮಾದ ಇನ್ನೊಬ್ಬ ಹುಡುಗನಿದ್ದಾನೆ, ಸೆತ್ ಮೆಕ್‌ಲಾಫ್ಲಿನ್. ಸೆಂಟರ್, ಅಂದರೆ ಕಾಲ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಡುವವನು. 2024ರ ಜನವರಿ 1ರ ರೋಸ್ ಬೌಲ್ ಪಂದ್ಯದಲ್ಲಿ ಮಿಷಿಗನ್ ಎದುರು ಅವನ ಸ್ನ್ಯಾಪುಗಳು, ಅಂದರೆ ಹಾಗೆ ಹಿಂದಕ್ಕೆ ಕೊಟ್ಟ ಚೆಂಡುಗಳು, ತಪ್ಪಿದವು, ಕೊನೆಯ ಆಟದ್ದೂ ಕೆಳಕ್ಕೆ ಬಂತು, 27-20ಕ್ಕೆ ಸೋಲು. ಸ್ವಂತ ಅಭಿಮಾನಿಗಳೇ ಅವನನ್ನು ಹರಿದು ಹಾಕಿದರು. ಓಹಾಯೋ ಸ್ಟೇಟ್‌ಗೆ ಹೋದ. ಮುಂದಿನ ಸೀಸನ್ನಿನಲ್ಲಿ ದೇಶದ ಅತ್ಯುತ್ತಮ ಸೆಂಟರ್‌ಗೆ ಕೊಡುವ ರಿಮಿಂಗ್‌ಟನ್ ಟ್ರೋಫಿ ಅವನದಾಯಿತು, ಮಧ್ಯದಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದಿದ್ದರೂ. ಅದೇ ಕೈ, ಅದೇ ಚೆಂಡು. ಯಾರ ನಡುವೆ ನಿಂತು ಆಡುತ್ತೇವೆ ಎಂಬುದು ಅಷ್ಟು ಮುಖ್ಯ.

ನಮ್ಮ ಕರುಣ್ ನಾಯರ್ ವಿಷಯದಲ್ಲಿ ನೀನೂ ನಾನೂ ರಾತ್ರಿಯೆಲ್ಲ ವಾದ ಮಾಡಿದ್ದು ನೆನಪಿದೆಯಲ್ಲ. ತ್ರಿಶತಕ ಹೊಡೆದವನಿಗೆ ಕರ್ನಾಟಕ ತಂಡದಲ್ಲೇ ಜಾಗವಿಲ್ಲದಾಗ ವಿದರ್ಭಕ್ಕೆ ಹೋದ, ಅಲ್ಲಿ 2024-25ರ ರಣಜಿಯಲ್ಲಿ 863 ರನ್ ಬಾರಿಸಿ ಕಪ್ ಗೆಲ್ಲಿಸಿದ. ವಾಪಸ್ ಬರುತ್ತಾನೆ ಎಂದಾಗ "ಎಳೆಯ ಹುಡುಗರ ಜಾಗ ಹೋಗುತ್ತೆ" ಎಂದವರಿದ್ದರು. ಆಮೇಲೆ ಅಕ್ಟೋಬರ್‌ನಲ್ಲಿ ನಿಮ್ಮ ನವುಲೆ ಮೈದಾನದಲ್ಲೇ ಗೋವಾ ಎದುರು 174 ಹೊಡೆದು ಔಟಾಗದೆ ನಿಂತಾಗ ನೀನು ಕಳಿಸಿದ ಮೆಸೇಜಿನಲ್ಲಿ ಬರೀ ಅವನ ಹೆಸರಿತ್ತು. ಅವನು ವಾಪಸ್ ಬಂದದ್ದು ಮೂವತ್ತು ದಾಟಿದ ಮೇಲೆ, ತನಗೇನು ಬೇಕು ಅಂತ ಗೊತ್ತಿದ್ದು. ಹದಿನೆಂಟರ ಹುಡುಗನಿಂದ ಅದೇ ಸ್ಪಷ್ಟತೆಯನ್ನು ಹೇಗೆ ಕೇಳುವುದು?

ಪ್ರಾಕ್ಟರ್ ಆಮೇಲೆ 2024, 2025 ಎರಡೂ ಸೀಸನ್ ಅಲಬಾಮಾದಲ್ಲೇ ಆಡಿದ. ಕಳೆದ ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾ ಎದುರಿನ ಪಂದ್ಯದಲ್ಲಿ ಅವನ ಕೈಗೇ ಚೆಂಡು ಕೊಟ್ಟರು. ಅಷ್ಟು ದೊಡ್ಡ ದೇಹ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಿದ ರಭಸಕ್ಕೆ ನಾನು ಸೋಫಾದಿಂದ ಎದ್ದು ಚಪ್ಪಾಳೆ ತಟ್ಟಿದೆ. ಸೋಮವಾರ ಆಫೀಸಿನಲ್ಲಿ ಹಿರಿಯರಿಗೆ ಹೇಳಿದರೆ, "ನಾನೂ ನೋಡಿದೆ, ಕಾಲು ಎಷ್ಟು ಚೆನ್ನಾಗಿ ಬರುತ್ತಿದೆ ಈಗ" ಎಂದರು.

ಈಗ ಮತ್ತೆ ಒಬ್ಬ ಟ್ಯಾಕಲ್ ಬಗ್ಗೆ ಮಾತು ನಡೆಯುತ್ತಿದೆ, ಇನ್ನೂ ಎಳೆಯ, ಹೆಸರು ಬರೆಯುವುದಿಲ್ಲ. ಬರಬೇಕು ಎಂಬುದು ನನ್ನಾಸೆ. ಬರದಿದ್ದರೆ ಒಂದು ಕೆಟ್ಟ ಅಕ್ಷರವನ್ನೂ ಬರೆಯಬೇಡಿ ಎಂದು ನಮ್ಮ ಆಫೀಸಿನ ಗುಂಪಿನಲ್ಲಿ ಹಾಕಿದ್ದೇನೆ. ಇಬ್ಬರು ಒಪ್ಪಿದ್ದಾರೆ, ಒಬ್ಬರು ಇನ್ನೂ ಜಗಳಕ್ಕಿದ್ದಾರೆ. 16ರ ನಂತರ ಏನಾಯಿತು ಅಂತ ಬರೆಯುತ್ತೇನೆ. ರಣಜಿ ಸುದ್ದಿ ನಿನ್ನ ಪಾಲಿಗೆ, ಬೇಗ ಬರಿ.

ನಿನ್ನ,
ಸೀಡರ್ ರ್‍ಯಾಪಿಡ್ಸ್‌ನ ಗೆಳೆಯ