ಅಕ್ಕನಿಗೆ, ಮತ್ತೆ ಉಳಿದ ಎಲ್ಲರಿಗೂ

ಈ ಸಲದ ಸಂಕ್ರಾಂತಿಗೆ ನಮ್ಮ ಮನೆಯ ಎಳ್ಳು-ಬೆಲ್ಲಕ್ಕೆ ಕೊಬ್ಬರಿ ಹೆಚ್ಚಿದ್ದು ನಾನು. ಆರು ಗಿಟುಕು. ಜನವರಿ 1ರಂದೇ ಶುರು ಮಾಡಿದೆ. ದಿನಕ್ಕೆ ಹತ್ತೇ ನಿಮಿಷ, ಕುರ್ಚಿಯಲ್ಲಿ ಕೂತು, ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು. ಫೋನಿನಲ್ಲಿ ಅಲಾರಂ ಹೊಡೆದ ತಕ್ಷಣ ಚಾಕು ಕೆಳಗೆ. ಹನ್ನೆರಡು ದಿನಕ್ಕೆ ಮುಗಿಯಿತು. ಹಬ್ಬದ ದಿನ ಡಬ್ಬಿ ತೆಗೆದು ಒಂದು ಹಿಡಿ ಅಂಗೈಗೆ ಹಾಕಿಕೊಂಡೆ. ಚೂರುಗಳೆಲ್ಲ ಒಂದೇ ಸಮ ಇದ್ದವು. ಅಲ್ಲೇ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಖುಷಿಗೆ ಅತ್ತಿದ್ದು.

ಇದನ್ನು ಬರೆಯಲೇಬೇಕು ಅನಿಸಿದ್ದು ಆವಾಗಲೇ. ಒಂದು ವರ್ಷದಿಂದ ನನ್ನ ತೂಕ 60 ಮತ್ತು 62 ಕೆ.ಜಿ. ನಡುವೆ ನಿಂತಿದೆ. ಕೊನೆಯ ಸಲ ಡ್ರಿಪ್ ಹಾಕಿಸಿಕೊಂಡು ಹನ್ನೊಂದು ತಿಂಗಳಾಯಿತು. ವಾರಕ್ಕೆ ಮೂರು ದಿನ, ದಿನಕ್ಕೆ ಎರಡು ಪೀರಿಯಡ್, ಕೂತುಕೊಂಡೇ ಪಾಠ ಮಾಡುತ್ತಿದ್ದೇನೆ. ನನ್ನ ಕಾಯಿಲೆ, ಎಂಇ/ಸಿಎಫ್‌ಎಸ್ (ಕ್ರಾನಿಕ್ ಫಟೀಗ್ ಸಿಂಡ್ರೋಮ್, ಬಿಡದ ಸುಸ್ತಿನ ಕಾಯಿಲೆ), ಹೋಗಿಲ್ಲ. ಸುಸ್ತು ಇದೆ, ಇರುತ್ತದೆ. ಆದರೆ ಬದುಕು ಒಂದು ಹದಕ್ಕೆ ಬಂದಿದೆ. 2021ರ ಜ್ವರ, ಜ್ವರ ಹೋದರೂ ಹೋಗದೆ ಉಳಿದ ಸುಸ್ತು, ಹಾಸನ-ಮೈಸೂರು-ಬೆಂಗಳೂರು ಅಂತ ಸುತ್ತಿದ್ದು, ಎಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಮತ್ತೆ ಹೇಳುವುದಿಲ್ಲ.

ರಜೆ ಮೇಲೆ ರಜೆ ಕೊಟ್ಟು ಒಂದು ದಿನವೂ ಮುಖ ಸಿಂಡರಿಸದ ನಮ್ಮ ಹೆಡ್ ಮೇಡಂ, ನನ್ನ ಪೀರಿಯಡ್‌ಗಳನ್ನು ಹಂಚಿಕೊಂಡ ಸ್ಟಾಫ್ ರೂಮಿನ ಗೆಳತಿಯರು, ಮೀಟರ್ ಹಾಕದೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದ ಆಟೋ ಅಣ್ಣ, ಮಾತ್ರೆ ಮನೆಗೇ ತಂದುಕೊಟ್ಟ ಮೆಡಿಕಲ್ ಶಾಪಿನ ಹುಡುಗ, ಫೋನ್ ಮಾಡಿ ಏನೂ ಕೇಳದೆ ಸುಮ್ನೆ ಊರಿನ ಸುದ್ದಿ ಹೇಳುತ್ತಿದ್ದ ತಮ್ಮ, ನಿಮಗೆಲ್ಲ ನಾನು ಋಣಿ. ನನ್ನ ಯಜಮಾನರು ನಾಲ್ಕು ವರ್ಷ ನನ್ನ ಬಟ್ಟೆ ಒಗೆದರು, ತಲೆ ಬಾಚಿದರು. ಅವರಿಗೆ ಏನು ಹೇಳಬೇಕೋ ಅದನ್ನು ಮನೆಯಲ್ಲೇ ಹೇಳುತ್ತೇನೆ. ಮಗನಿಗೆ, ದೊಡ್ಡವನಾದ ಮೇಲೆ.

ಉಳಿದದ್ದೆಲ್ಲ ಅಕ್ಕನ ಬಗ್ಗೆ.

ಅಕ್ಕ ಅಂದರೆ ನನ್ನ ಓರಗಿತ್ತಿ, ಭಾವನವರ ಹೆಂಡತಿ. ಅವರದು ಕೆಳಗಿನ ಮನೆ, ನಮ್ಮದು ಮೇಲಿನದು. ಹದಿನಾಲ್ಕು ವರ್ಷ ಒಂದೇ ಸೂರಿನ ಕೆಳಗಿದ್ದರೂ ನಮ್ಮ ನಡುವೆ ಅಂಥ ಸಲುಗೆ ಏನೂ ಇರಲಿಲ್ಲ. ಹಬ್ಬದ ಅಡುಗೆ, ಅತ್ತೆಯವರ ಔಷಧಿ, ನೀರಿನ ಮೋಟಾರು, ಮಾತು ಅಷ್ಟಕ್ಕೇ. ನನಗೆ ಕಾಯಿಲೆ ಬಂದ ಮೊದಲ ವರ್ಷ ಅವರು ನನ್ನನ್ನು ನಂಬಿರಲೂ ಇಲ್ಲ. ಇದನ್ನು ಅವರೇ ನನಗೆ ಹೇಳಿದ್ದಾರೆ. ಬರೆಯಲಾ ಅಂತ ಕೇಳಿದ್ದಕ್ಕೆ, "ಬರಿ, ಇನ್ನೊಬ್ಬಳು ಓರಗಿತ್ತಿ ಓದ್ಲಿ" ಅಂದರು.

2023ರ ಸಂಕ್ರಾಂತಿ. ಹಬ್ಬಕ್ಕೆ ಮುಂಚೆ ಎರಡು ದಿನ ನಾನು ಹಟ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದೆ. ಎಳ್ಳು ಹುರಿದೆ, ಬೆಲ್ಲ ಹೆಚ್ಚಿದೆ, ಸಕ್ಕರೆ ಅಚ್ಚು ಹಾಕಿದೆ. ಯಾರೂ ನನ್ನನ್ನು ಸೋಮಾರಿ ಅನ್ನಬಾರದು ಅಂತ. ಹಬ್ಬದ ದಿನ ಹುಗ್ಗಿ, ಹಿತಕಿದಬೇಳೆ ಸಾರು, ಎಲ್ಲ ಸ್ವಲ್ಪ ಸ್ವಲ್ಪ ತಿಂದೆ. ಮಾರನೇ ದಿನ ಬೆಳಗ್ಗೆಯಿಂದ ವಾಂತಿ, ಭೇದಿ ಎರಡೂ ಹಿಡಿದವು. ಸಂಜೆ ಒಂದು ಆಸ್ಪತ್ರೆಗೆ ಹೋದೆವು. ಅಲ್ಲಿಯ ತೂಕದ ಯಂತ್ರ 42 ತೋರಿಸಿತು. ಕಾಯಿಲೆ ಬರುವ ಮುಂಚೆ ನಾನು 58 ಇದ್ದೆ. ಗ್ಯಾಸು, ಜೊತೆಗೆ ಟೆನ್ಷನ್ ಅಂದರು. ಒಂದು ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರು. ಯಜಮಾನರು ಕೆಲಸದ ಮೇಲೆ ಊರಲ್ಲಿರಲಿಲ್ಲ.

ರಾತ್ರಿ ಹನ್ನೊಂದಕ್ಕೆ ಅಕ್ಕ ಮೇಲೆ ಬಂದರು. ಮಗನನ್ನು ಎತ್ತಿಕೊಂಡು ಹೋಗಿ ಕೆಳಗೆ ಮಲಗಿಸಿ ವಾಪಸ್ ಬಂದರು. ನಾನು ಬಚ್ಚಲಮನೆ ಬಾಗಿಲಲ್ಲಿ ನೆಲದ ಮೇಲೆ ಬಿದ್ದಿದ್ದೆ, ಎದ್ದು ಮಂಚದವರೆಗೆ ಹೋಗುವ ತ್ರಾಣ ಇರಲಿಲ್ಲ. ಅವರು ನನ್ನನ್ನು ಎಬ್ಬಿಸಲಿಲ್ಲ. ಹಾಸಿಗೆಯನ್ನೇ ಅಲ್ಲಿಗೆ ಎಳೆದು ತಂದರು. ಹಾಲಿನ ಪಾತ್ರೆಯಲ್ಲಿ ಅಳೆದು ಒಂದು ಲೀಟರ್ ನೀರಿಗೆ ಒಂದು ಪ್ಯಾಕೆಟ್ ಓಆರ್‌ಎಸ್ ಕದಡಿದರು. ಆಮೇಲೆ ಹೊಸ್ತಿಲ ಮೇಲೆ ಕೂತು, ಎರಡೆರಡು ನಿಮಿಷಕ್ಕೆ ಒಂದು ಚಮಚ. ವಾಂತಿಯಾದರೆ ಬಾಯಿ ಒರೆಸಿ, ಗಡಿಯಾರ ನೋಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಒಂದು ಚಮಚ. ಒಂದೂವರೆಗೆ ಕರೆಂಟ್ ಹೋಯಿತು. ಟಾರ್ಚನ್ನು ಬಕೆಟ್ಟಿನ ಮೇಲೆ ನಿಲ್ಲಿಸಿದರು. ನನ್ನ ದವಡೆ ನಡುಗುತ್ತಿತ್ತು. ಸ್ಟೀಲ್ ಚಮಚ ಹಲ್ಲಿಗೆ ಬಡಿದು ಟಕಟಕ ಅನ್ನುತ್ತಿತ್ತು. ಆ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ.

ನಾಲ್ಕು ಗಂಟೆ ಹೊತ್ತಿಗೆ ನಾನು, "ಸಾಕು ಅಕ್ಕ, ನನ್ನ ಬಿಟ್ಟುಬಿಡಿ" ಅಂದೆ. ಚಮಚದ ಬಗ್ಗೆ ಹೇಳಿದ್ದಲ್ಲ ಅದು. ಅದು ಅವರಿಗೂ ಗೊತ್ತಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಈ ಚಮಚ ಸಾಕು ಅಂತ ತಿಳ್ಕೋತೀನಿ ಕಣೇ. ಮುಂದಿನ ಚಮಚಕ್ಕೆ ಮತ್ತೆ ಕೇಳ್ತೀನಿ" ಅಂದರು. ಕೇಳಿದರು ಕೂಡ. ಬೆಳಗಾಗುವವರೆಗೂ ಕೇಳುತ್ತಲೇ ಇದ್ದರು. ಲೀಟರಿನಲ್ಲಿ ಮುಕ್ಕಾಲು ಭಾಗ ಹಾಗೇ ಒಳಗೆ ಹೋಯಿತು. ಏಳಕ್ಕೆ ಬೇರೆ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಯ ಡಾಕ್ಟರು, ರಾತ್ರಿ ಇಷ್ಟು ಕುಡಿಸಿದ್ದಕ್ಕೆ ಒಳ್ಳೆಯದಾಯಿತು ಅಂದರು. ಅದನ್ನು ನಾನು ಅಕ್ಕನಿಗೆ ಹೇಳಿದ್ದು ಎರಡು ತಿಂಗಳಾದ ಮೇಲೆ. ಮುಂಚೆ ಹೇಳಬೇಕಿತ್ತು.

ಆಸ್ಪತ್ರೆಯಿಂದ ಬಂದ ಮೇಲೆ ನನಗೆ ಊಟ ಅಂದರೆ ಭಯ. ಮೊದಲೇ ಹಾಲು ಬಿಟ್ಟಿದ್ದೆ, ಗೋಧಿ ಬಿಟ್ಟಿದ್ದೆ. ಈಗ ಬೇಳೆ, ಈರುಳ್ಳಿ, ಬೆಳ್ಳುಳ್ಳಿ, ಹಣ್ಣು, ಒಂದೊಂದಾಗಿ ಎಲ್ಲ ಬಿಟ್ಟೆ. ಕೊನೆಗೆ ಉಳಿದದ್ದು ಅಕ್ಕಿ ಗಂಜಿ. ಎರಡು ತುತ್ತಿಗೆ ಹೊಟ್ಟೆ ತುಂಬುತ್ತಿತ್ತು, ಉಬ್ಬರಿಸುತ್ತಿತ್ತು. ಏನು ತಿಂದರೆ ಆಗುತ್ತೆ, ಏನು ಆಗಲ್ಲ ಅಂತ ತಲೆಬುಡ ತಿಳಿಯುತ್ತಿರಲಿಲ್ಲ. ನಿನ್ನೆ ಒಗ್ಗಿದ್ದು ಇವತ್ತು ಒಗ್ಗುತ್ತಿರಲಿಲ್ಲ.

ಅಕ್ಕ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಗೊತ್ತಲ್ವಾ, ಫ್ರಿಜ್ಜಿನ ಪಕ್ಕದ್ದು, ಅದರಲ್ಲೇ ನನ್ನ ಲೆಕ್ಕವನ್ನೂ ಬರೆಯತೊಡಗಿದರು. ನನಗೆ ಹೇಳಿರಲೂ ಇಲ್ಲ. ಹಾಲು ಒಂದು ಲೀಟರ್, ಅದರ ಕೆಳಗೆ ಸಣ್ಣಕ್ಷರದಲ್ಲಿ "ಗಂಜಿ, ಹೆಸರುಬೇಳೆ 2 ಚಮಚ, ತಲೆಗೆ ಸ್ನಾನ". ಇನ್ನೊಂದು ಚೌಕದಲ್ಲಿ "ಹೊಟ್ಟೆ ಕೆಟ್ಟಿತು, ಏಳಲಿಲ್ಲ". ಮೂರು ತಿಂಗಳು ಬರೆದರು. ಏಪ್ರಿಲ್‌ನಲ್ಲಿ ಒಂದು ದಿನ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ನನ್ನ ಹಾಸಿಗೆಗೇ ತಂದರು. "ನೋಡು ಕಣೇ, ಊಟದಲ್ಲಿ ಏನೂ ಇಲ್ಲ. ಅದೇ ಗಂಜಿ ತಿಂದು ಸೋಮವಾರ ಚೆನ್ನಾಗಿದ್ದೀಯ. ಅದನ್ನೇ ತಿಂದು ಬುಧವಾರ ಬಿದ್ದಿದ್ದೀಯ. ಬಿದ್ದ ದಿನದಿಂದ ಎರಡು ಮನೆ ಹಿಂದಕ್ಕೆ ಬಾ."

ಬಂದೆ. ಎರಡು ಚೌಕದ ಹಿಂದೆ ಪ್ರತಿ ಸಲವೂ ಏನಾದರೂ ಇತ್ತು. ತಲೆಗೆ ಸ್ನಾನ. ನೆಂಟರು ಬಂದದ್ದು. ಎರಡು ಸಲ ಮೆಟ್ಟಿಲು ಹತ್ತಿದ್ದು. ಫೋನಿನಲ್ಲಿ ಅರ್ಧ ಗಂಟೆ ಜಗಳ. ಮೈ ದಣಿದದ್ದಕ್ಕೆ ಹೊಡೆತ ಅವತ್ತೇ ಬೀಳುತ್ತಿರಲಿಲ್ಲ, ಒಂದು ದಿನ ಬಿಟ್ಟು ಬೀಳುತ್ತಿತ್ತು. ಬಿದ್ದಾಗ ಮೊದಲು ಕೆಡುತ್ತಿದ್ದದ್ದು ಹೊಟ್ಟೆ. ನಾವು ಬೈಯುತ್ತಿದ್ದದ್ದು ಹಿಂದಿನ ರಾತ್ರಿಯ ಊಟವನ್ನು.

ಆ ಕ್ಯಾಲೆಂಡರನ್ನೇ ಸುರುಳಿ ಸುತ್ತಿಕೊಂಡು ಮೈಸೂರಿನ ಡಾಕ್ಟರ ಹತ್ತಿರ ಹೋದೆವು. ಥೈರಾಯ್ಡ್, ಬಿ12, ಸಕ್ಕರೆ, ರಕ್ತಹೀನತೆ, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯ ಪರೀಕ್ಷೆ, ಎಲ್ಲ ಅವರು ಮೊದಲೇ ಮಾಡಿಸಿ ನೋಡಿದ್ದರು. ಕ್ಯಾಲೆಂಡರನ್ನು ತುಂಬಾ ಹೊತ್ತು ನೋಡಿದರು. ಎಂಇ/ಸಿಎಫ್‌ಎಸ್ ಅನ್ನುವ ಹೆಸರು ನಮಗೆ ಸಿಕ್ಕಿದ್ದು ಅವತ್ತು. ದಣಿದರೆ 12ರಿಂದ 48 ಗಂಟೆ ಬಿಟ್ಟು ಮೈ ಕುಸಿಯುವುದೇ ಈ ಕಾಯಿಲೆಯ ಮುಖ್ಯ ಗುರುತಂತೆ. ಹೊಟ್ಟೆಯ ತೊಂದರೆ ಬಹಳ ಜನರಿಗೆ ಜೊತೆಗೇ ಬರುತ್ತದಂತೆ. "ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ನಡೀರಿ, ಸರಿಹೋಗುತ್ತೆ" ಅಂತ ನನಗೆ ಎಷ್ಟು ಜನ ಹೇಳಿದ್ದರು! ನಡೆದು ನಡೆದೇ ನಾನು ಹಾಸಿಗೆ ಹಿಡಿದಿದ್ದೆ. ಡಾಕ್ಟರು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. ಇಂಗ್ಲೆಂಡಿನಲ್ಲಿ ವೈದ್ಯರಿಗೆ ದಾರಿ ತೋರಿಸುವ ನೈಸ್ ಸಂಸ್ಥೆ 2007ರಲ್ಲಿ ಇಂಥ ಏರಿಸುತ್ತಾ ಹೋಗುವ ವ್ಯಾಯಾಮವನ್ನು ಹೇಳಿತ್ತು, 2021ರಲ್ಲಿ ಅದನ್ನು ಕೊಡಬೇಡಿ ಅಂತ ಬದಲಾಯಿಸಿತು. ಅಕ್ಕ ಅದನ್ನು ಎರಡು ಸಲ ಓದಿಸಿಕೊಂಡರು. ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತು, "ನಾನೂ ನಿನ್ನ ಮೈಗಳ್ಳಿ ಅಂದ್ಕೊಂಡಿದ್ದೆ ಕಣೇ" ಅಂತ ಅತ್ತರು. ನಾನು ಅವರ ಕೈ ಹಿಡಿದುಕೊಂಡೆ. ಇನ್ನೇನು ಮಾಡಬೇಕು ಅಂತ ತೋಚಲಿಲ್ಲ.

ಆ ಡಾಕ್ಟರಿಗೂ, ಅವರು ಕಳಿಸಿದ ಡಯಟಿಷಿಯನ್ ಮೇಡಂಗೂ ನನ್ನ ನಮಸ್ಕಾರ. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ, ಹೊಟ್ಟೆ ಉಬ್ಬಿಸುವಂಥ ಪದಾರ್ಥಗಳನ್ನು ಬಿಟ್ಟು ನೋಡುವ ಲೋ ಫಾಡ್‌ಮ್ಯಾಪ್ ಪದ್ಧತಿಯನ್ನು ಮೇಡಂ ನಮ್ಮ ಅಡುಗೆಮನೆಗೆ ಹೊಂದಿಸಿಕೊಟ್ಟರು. ಬಿಡುವುದು ಕೆಲವೇ ವಾರ, ಒಂದೊಂದನ್ನೇ ವಾಪಸ್ ತರುವುದೇ ಮುಖ್ಯ ಅಂದರು. ನಾನು ಬಿಟ್ಟದ್ದನ್ನೆಲ್ಲ ಅವರು ವಾಪಸ್ ತಂದರು. ಬೆಳ್ಳುಳ್ಳಿಯಲ್ಲಿ ಹೊಟ್ಟೆ ಉಬ್ಬಿಸುವ ಅಂಶ ನೀರಿಗೆ ಬಿಡುತ್ತದೆ, ಎಣ್ಣೆಗೆ ಬಿಡುವುದಿಲ್ಲವಂತೆ. ಅಕ್ಕ ಎಣ್ಣೆಯಲ್ಲಿ ಬೆಳ್ಳುಳ್ಳಿ ಘಮ ಬರುವವರೆಗೆ ಹುರಿದು, ಎಸಳುಗಳನ್ನು ತೆಗೆದು ತಮ್ಮ ಮನೆಯ ಚಟ್ನಿಗೆ ಹಾಕಿಕೊಂಡು, ಆ ಎಣ್ಣೆಯಲ್ಲಿ ನನಗೆ ಒಗ್ಗರಣೆ ಕೊಡುತ್ತಿದ್ದರು. ಎಷ್ಟೋ ತಿಂಗಳ ಮೇಲೆ ಸಾರಿನ ಘಮ ಮೂಗಿಗೆ ಬಿದ್ದದ್ದು ಹಾಗೆ. ದಿನಕ್ಕೆ ಮೂರು ದೊಡ್ಡ ಊಟದ ಬದಲು ಐದಾರು ಸಣ್ಣ ಬಟ್ಟಲು. ಹೊಟ್ಟೆ ತುಂಬಾ ಉಂಡರೆ ರಕ್ತವೆಲ್ಲ ಅಲ್ಲಿಗೇ ಹರಿದು ನನಗೆ ನಿಂತಲ್ಲೇ ತಲೆ ಸುತ್ತುತ್ತಿತ್ತು. ಸಣ್ಣ ಬಟ್ಟಲಿನಿಂದ ಅದೂ ಕಮ್ಮಿಯಾಯಿತು.

ಆಮೇಲೆ ತೂಕ ಏರತೊಡಗಿತು. ಊಟ ಸೇರುತ್ತಿತ್ತು, ಆದರೆ ದಿನದ ಹೆಚ್ಚು ಹೊತ್ತು ಮಲಗಿಯೇ ಇರುತ್ತಿದ್ದೆ. ರಾತ್ರಿಯ ಒಂದು ಮಾತ್ರೆ ಹಸಿವನ್ನೂ ಹೆಚ್ಚಿಸುತ್ತಿತ್ತು. 2024ರ ಮಧ್ಯಕ್ಕೆ 69 ಆಯಿತು. ಇದನ್ನು ಹೇಳುವಾಗ ನನ್ನ ಗಂಟಲು ಈಗಲೂ ಕಟ್ಟುತ್ತದೆ. 42 ಕೆ.ಜಿ. ಇದ್ದಾಗ, ನಾನು ಸಾಯುತ್ತಿದ್ದಾಗ, ಮದುವೆಮನೆಯಲ್ಲಿ "ಎಷ್ಟು ಸ್ಲಿಮ್ ಆಗಿದ್ದೀಯ, ಏನ್ ಮಾಡ್ದೆ ಹೇಳು" ಅಂದರು. 69 ಆದಾಗ, ಬದುಕಿ ಬರುತ್ತಿದ್ದಾಗ, "ಕೂತು ತಿಂದ್ರೆ ಇನ್ನೇನಾಗುತ್ತೆ" ಅಂದರು. ನನಗೆ ಕೋಪ ಬಂತು. ನನ್ನ ಮೈಯ ಮೇಲೇ ಕೋಪ ಬಂತು. ಒಂದು ವಾರ ಊಟ ಅರ್ಧ ಮಾಡಿದೆ. ಹೊಟ್ಟೆ ಮತ್ತೆ ಕೆಟ್ಟಿತು, ಹದಿನೈದು ದಿನ ಹಾಸಿಗೆ.

ಅಕ್ಕ ಬೈಯಲಿಲ್ಲ. ಸೂಜಿ ದಾರ ತಗೊಂಡು ಮೇಲೆ ಬಂದರು. ನಾನು ಇಳಿದಾಗ ನನ್ನ ಬ್ಲೌಸುಗಳನ್ನು ಕೈಹೊಲಿಗೆ ಹಾಕಿ ಬಿಗಿ ಮಾಡಿದ್ದವರೂ ಅವರೇ. ಈಗ ಆ ಹೊಲಿಗೆ ಬಿಚ್ಚಿ, ಟೈಲರ್ ಒಳಗೆ ಬಿಟ್ಟಿದ್ದ ಬಟ್ಟೆಯನ್ನೂ ಬಿಡಿಸಿ ಅಗಲ ಮಾಡಿದರು. ನನ್ನ ಹಸಿರು ಬ್ಲೌಸಿನ ಪಕ್ಕದಲ್ಲಿ ಮೂರು ಸಾಲು ಹೊಲಿಗೆಯ ಗುರುತಿದೆ. ನಡುವಿನದು ಈಗಿನದು. ಡಾಕ್ಟರು ಮಾತ್ರೆ ಬದಲಿಸಿದರು. ಡಯಟಿಷಿಯನ್ ಊಟ ಕಡಿತ ಮಾಡದೆ ಮೊಟ್ಟೆ, ಹೆಸರುಬೇಳೆ, ರಾಗಿ ಸೇರಿಸಿದರು. ಮಲಗಿಕೊಂಡೇ ಕೈಕಾಲು ಆಡಿಸುವುದನ್ನು ಎರಡು ನಿಮಿಷದಿಂದ ಶುರು ಮಾಡಿದೆ. ಮೂರನೇ ದಿನ ಬೀಳದಿದ್ದರೆ ಮಾತ್ರ ಮುಂದಕ್ಕೆ. ತೂಕ ನಿಧಾನಕ್ಕೆ ಇಳಿದು, ತಾನಾಗಿಯೇ ಒಂದು ಕಡೆ ನಿಂತಿತು.

ಈ ಹಬ್ಬಕ್ಕೆ ಅಕ್ಕ ಸೊಗಡಿನ ಅವರೆಕಾಯಿ ತರಿಸಿ ಹಿತಕಿದಬೇಳೆ ಸಾರು ಮಾಡಿದ್ದರು. ಅವರೆ ನನ್ನ ಹೊಟ್ಟೆಗೆ ಸುಲಭವಲ್ಲ ಅನ್ನುವುದು ನಿಜ. ಎರಡೇ ಚಮಚ ಹಾಕಿಸಿಕೊಂಡೆ, ಅನ್ನಕ್ಕೆ ಕಲಸಿ, ಪಂಕ್ತಿಯಲ್ಲಿ ಎಲ್ಲರ ಜೊತೆ ಕೂತು ಉಂಡೆ. ಅಕ್ಕ ಎದುರಿಗೆ ಕೂತಿದ್ದರು. ತಾವು ಉಣ್ಣುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

ಆ ರಾತ್ರಿ ಭಯವಿತ್ತು. ಮಾರನೇ ದಿನವೂ ಇತ್ತು. ಮೂರನೇ ದಿನ ಬೆಳಗ್ಗೆ ಕೆಳಗಿಳಿದು ಹೋಗಿ ಕ್ಯಾಲೆಂಡರ್ ನೋಡಿದೆ. ಹಬ್ಬದ ಚೌಕದಲ್ಲಿ "ಕೊಬ್ಬರಿ ಇವಳದು. ಹಿತಕಿದಬೇಳೆ 2 ಚಮಚ. ಪಂಕ್ತಿ ಊಟ" ಅಂತ ಬರೆದಿದ್ದರು. ಅಲ್ಲಿಂದ ಎರಡು ಮನೆ ಮುಂದಕ್ಕೆ ಹೋದೆ. ಅವತ್ತಿನ ಚೌಕದಲ್ಲಿ ಹಾಲು ಒಂದು ಲೀಟರ್ ಅಂತ ಇತ್ತು, ಅಷ್ಟೇ.